ಪುಟ್ಟ ಯಂತ್ರಗಳ ಕ್ಷೇಮ ಸಮಾಚಾರ



ಊರು ಬಿಟ್ಟು ಮುಂಬಯಿಯಲ್ಲೋ ಪುಣೆಯಲ್ಲೋ, ಚೆನ್ನೈ, ಹೈದರಾಬಾದು, ದಿಲ್ಲಿಗಳಲ್ಲೋ ನೆಲೆಸಿರುವ ನಮಗೆಲ್ಲ ಒಂದು ಮಾತು ಚೆನ್ನಾಗಿ ಗೊತ್ತು: ‘ಮುಟ್ಟಿದ ಕೂಡಲೇ ತಿಳಿಸು.’ ಬಸ್ಸು ಹತ್ತಿಸಲು ಬಂದವರು ಕಡೆಗೆ ಹೇಳುವುದು ಅದನ್ನೇ. ಹಿಂದೆ ಅದಕ್ಕೆ ಒಂದು ಅಂಚೆ ಕಾರ್ಡು ಸಾಕಾಗಿತ್ತು. ‘ಉಭಯ ಕುಶಲೋಪರಿ ಸಾಂಪ್ರತ, ಸುಖವಾಗಿ ಬಂದು ಸೇರಿದೆ’ ಎಂದು ಬರೆದರೆ ಮನೆಯವರ ಎದೆ ತಣ್ಣಗಾಗುತ್ತಿತ್ತು. ಮೊಬೈಲು ಬಂದ ಹೊಸದರಲ್ಲಿ ಕಾರ್ಡೂ ಬೇಡವಾಯಿತು. ಒಂದು ಮಿಸ್ಡ್ ಕಾಲ್ ಕೊಟ್ಟರಾಯಿತು. ಕಾಸಿಲ್ಲ, ಮಾತಿಲ್ಲ, ವಿಷಯ ಮಾತ್ರ ತಲುಪಿತು.

ಇದರ ಇನ್ನೊಂದು ಮಗ್ಗುಲೂ ನಮಗೆ ಗೊತ್ತು. ವಾರಕ್ಕೊಂದು ಕಾಗದ ಹಾಕುವ ಮಗ ಒಂದು ವಾರ ಹಾಕದಿದ್ದರೆ ಮನೆಯಲ್ಲಿ ಕಳವಳ ಶುರುವಾಗುತ್ತಿತ್ತು. ಯಾರೂ ಬಂದು ಕೆಟ್ಟ ಸುದ್ದಿ ಹೇಳಿದ್ದಿಲ್ಲ. ಸುದ್ದಿ ಬರಲಿಲ್ಲ ಎನ್ನುವುದೇ ಅಲ್ಲಿ ಸುದ್ದಿ.

ಇವತ್ತು ನಿಮ್ಮೊಡನೆ ಮಾತಾಡಬೇಕೆಂದಿರುವುದು ಯಂತ್ರಗಳ ಕ್ಷೇಮ ಸಮಾಚಾರದ ಬಗ್ಗೆ. ಅದರಲ್ಲೂ ತೀರ ಚಿಕ್ಕ ಯಂತ್ರಗಳದ್ದು. ಅವು ತಮ್ಮ ಸ್ಥಿತಿಗತಿಯನ್ನು ದೂರದ ಉಸ್ತುವಾರಿ ಸರ್ವರಿಗೆ ಹೇಗೆ ತಿಳಿಸುತ್ತವೆ, ಹೇಗೆ ತಿಳಿಸಬೇಕು, ತಿಳಿಸದೇ ಹೋದಾಗ ನಾವೇನು ತಿಳಿಯಬೇಕು ಎನ್ನುವುದು ವಿಷಯ. ಕೇಳುಗರಲ್ಲಿ ಕಂಪ್ಯೂಟರ್ ಕೆಲಸದವರು ಬಹಳ ಮಂದಿ ಇದ್ದೀರಿ. ಆದರೆ ಇದು ಅವರಿಗಷ್ಟೇ ಸಂಬಂಧಿಸಿದ ಮಾತಲ್ಲ. ಹೌಸಿಂಗ್ ಸೊಸೈಟಿಯ ನೀರಿನ ಟ್ಯಾಂಕು, ಮಾಟುಂಗಾದ ಹೋಟೆಲಿನ ಹಿಟ್ಟಿನ ಕೋಲ್ಡ್ ರೂಮು, ಊರಿನಲ್ಲಿ ಅಪ್ಪ ಅಮ್ಮ ಇಬ್ಬರೇ ಇರುವ ಮನೆಯ ಇನ್ವರ್ಟರು, ಎಲ್ಲ ಕಡೆಗೂ ಇದು ಅನ್ವಯಿಸುತ್ತದೆ.

ಚಿಕ್ಕ ಯಂತ್ರ ಎಂದರೆ ಎಷ್ಟು ಚಿಕ್ಕದು? ನಿಮ್ಮ ಮನೆಯ ವೈಫೈ ರೌಟರನ್ನೇ ತೆಗೆದುಕೊಳ್ಳಿ. ಅದೂ ಒಂದು ಕಂಪ್ಯೂಟರು. 2004ರಲ್ಲಿ ಶುರುವಾದ ಓಪನ್‌ಡಬ್ಲ್ಯುಆರ್‌ಟಿ ಎಂಬ ಲಿನಕ್ಸ್ ಯೋಜನೆ ಮೊದಲು ಕೈಹಾಕಿದ ರೌಟರುಗಳಲ್ಲಿ ಹೆಚ್ಚಿನವಕ್ಕೆ ಇದ್ದ ಮೆಮೊರಿ 16 ಮೆಗಾಬೈಟು, ಸಂಗ್ರಹದ ಜಾಗ 4 ಮೆಗಾಬೈಟು. ಇನ್ನೂ ಕೆಳಗಿಳಿದರೆ, ಕಾಲೇಜು ಹುಡುಗರು ಪ್ರಾಜೆಕ್ಟಿಗೆ ಬಳಸುವ ಆರ್ಡುಯಿನೊ ಉನೊ ಹಲಗೆಯ ಹಳೆಯ ಮಾದರಿಗಳಲ್ಲಿ ಇರುವ ಮೆಮೊರಿ ಬರೀ 2 ಕಿಲೋಬೈಟು. ಯುನಿಕೋಡಿನ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟು ಬೇಕು. ಅಂದರೆ ಆ ಹಲಗೆಯ ಮೆಮೊರಿ ಪೂರ್ತಿ ಖಾಲಿ ಮಾಡಿಕೊಟ್ಟರೂ ಒಂದು ಇನ್‌ಲ್ಯಾಂಡ್ ಲೆಟರಿನಷ್ಟು ಕನ್ನಡ ಹಿಡಿಯುವುದು ಕಷ್ಟ. ದೊಡ್ಡ ಸರ್ವರುಗಳಿಗೆಂದು ಬರೆದ ಉಸ್ತುವಾರಿ ತಂತ್ರಾಂಶವನ್ನು ಇಂಥದರಲ್ಲಿ ಕೂರಿಸುವ ಮಾತೇ ಇಲ್ಲ.

ಹಾಗಾದರೆ ಇಷ್ಟು ಬಡ ಯಂತ್ರ ತನ್ನ ಕ್ಷೇಮ ತಿಳಿಸಲು ಸಾಧ್ಯವೇ? ಇತಿಹಾಸ ನೋಡಿದರೆ, ಇದಕ್ಕಿಂತ ಬಡ ಯಂತ್ರ ಇನ್ನೂ ದೂರದಿಂದ ತಿಳಿಸಿದೆ. 1957ರ ಅಕ್ಟೋಬರ್ 4ರಂದು ಸೋವಿಯತ್ ಒಕ್ಕೂಟ ಹಾರಿಸಿದ ಸ್ಪುಟ್ನಿಕ್ 83.6 ಕಿಲೋ ತೂಕದ ಒಂದು ಲೋಹದ ಗೋಳ. ಅದರೊಳಗೆ ಕಂಪ್ಯೂಟರು ಇರಲಿಲ್ಲ. ರೇಡಿಯೋ ಮೂಲಕ ಬೀಪ್ ಬೀಪ್ ಎನ್ನುವುದೊಂದೇ ಅದಕ್ಕೆ ಗೊತ್ತಿದ್ದದ್ದು. ಆದರೆ ಗೋಳದೊಳಗಿನ ಉಷ್ಣತೆ ಅಥವಾ ಒತ್ತಡ ಮಿತಿ ಮೀರಿದರೆ ಆ ಬೀಪಿನ ಉದ್ದ ಬದಲಾಗುವಂತೆ ಏರ್ಪಾಡು ಮಾಡಿದ್ದರು. ಬೀಪು ಬರುತ್ತಿದೆ ಎಂದರೆ ಬದುಕಿದೆ, ಅದೇ ಉದ್ದ ಇದೆ ಎಂದರೆ ಒಳಗೆ ಎಲ್ಲ ಸರಿಯಿದೆ, ಉದ್ದ ಬದಲಾಯಿತೆಂದರೆ ಏನೋ ಕೆಟ್ಟಿದೆ, ನಿಂತರೆ ಮುಗಿಯಿತು. ಬ್ಯಾಟರಿ ಮುಗಿಯುವ ತನಕ, ಸುಮಾರು ಮೂರು ವಾರ, ಅದು ಈ ಕೆಲಸ ಮಾಡಿತು. ಇಂದಿನ ಉಸ್ತುವಾರಿ ಸರ್ವರುಗಳು ಕೇಳುವ ಪ್ರಶ್ನೆಗಳೂ ಇವೇ: ಇದ್ದೀಯಾ? ಚೆನ್ನಾಗಿದ್ದೀಯಾ?

ಈಗ ಭೂಮಿಗೆ ಇಳಿದು ಒಂದು ಫ್ರಿಜ್ಜಿನ ಮುಂದೆ ನಿಲ್ಲೋಣ. ಮಕ್ಕಳಿಗೆ ಹಾಕುವ ಲಸಿಕೆ ಇಡುವ ಫ್ರಿಜ್ಜು. ಅದರೊಳಗಿನ ಉಷ್ಣತೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕು. ಮೇಲೆ ಹೋದರೆ ಲಸಿಕೆಯ ಸತ್ವ ಇಳಿಯುತ್ತದೆ. ಕೆಳಗೆ ಹೋಗಿ ಹೆಪ್ಪುಗಟ್ಟಿದರೂ ತೊಂದರೆಯೇ. ಹೆಪಟೈಟಿಸ್ ಬಿ ಲಸಿಕೆ, ಪೆಂಟಾವೇಲೆಂಟ್ ಲಸಿಕೆಗಳು ಹೆಪ್ಪುಗಟ್ಟಿದರೆ ಕೆಡುತ್ತವೆ. ಬಿಸಿ ತಾಗಿ ಸತ್ವ ಕಳೆದುಕೊಂಡ ಲಸಿಕೆಯನ್ನು ಅದರ ಬಣ್ಣ, ರೂಪ ನೋಡಿ ಗುರುತಿಸಲಾಗುವುದಿಲ್ಲ. ಹಾಲು ಒಡೆದರೆ ಕಣ್ಣಿಗೆ ಕಾಣುತ್ತದೆ, ಸಾರು ಹಳಸಿದರೆ ಮೂಗಿಗೆ ತಿಳಿಯುತ್ತದೆ. ಲಸಿಕೆ ಹಾಗಲ್ಲ. ಮಗುವಿಗೆ ಸೂಜಿ ಚುಚ್ಚಿ, ಕಾರ್ಡಿನಲ್ಲಿ ತಾರೀಖು ಬರೆದು, ತಾಯಿ ನಿಶ್ಚಿಂತೆಯಿಂದ ಮನೆಗೆ ಹೋಗುತ್ತಾಳೆ. ರಕ್ಷಣೆ ಮಾತ್ರ ಮಗುವಿಗೆ ಸಿಕ್ಕಿರುವುದಿಲ್ಲ.

ಅದಕ್ಕೇ ಆರೋಗ್ಯ ಕೇಂದ್ರಗಳಲ್ಲಿ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಫ್ರಿಜ್ಜಿನ ಉಷ್ಣತೆ ಬರೆದಿಡುವ ಕ್ರಮ ಇದೆ. ಆದರೆ ಸಂಜೆ ಐದರಿಂದ ಬೆಳಿಗ್ಗೆ ಒಂಬತ್ತರವರೆಗೆ ಹದಿನಾರು ಗಂಟೆ ಆಗುತ್ತದಲ್ಲ, ಅಷ್ಟರಲ್ಲಿ ಏನೂ ಆಗಬಹುದು. 2015ರಲ್ಲಿ ನಮ್ಮ ದೇಶದಲ್ಲಿ ಶುರುವಾದ ಈ-ವಿನ್ ಎಂಬ ವ್ಯವಸ್ಥೆ ಈ ಕೊರತೆಯನ್ನು ನೀಗಲು ಹೊರಟಿತು. ಲಸಿಕೆಯ ಫ್ರಿಜ್ಜಿಗೆ ಸಿಮ್ ಇರುವ ಒಂದು ಸಣ್ಣ ಪೆಟ್ಟಿಗೆ ಜೋಡಿಸಿ, ಅದು ಉಷ್ಣತೆಯನ್ನು ಅಳೆದು ಮೊಬೈಲ್ ಜಾಲದ ಮೂಲಕ ಸರ್ವರಿಗೆ ಕಳಿಸುವಂತೆ ಮಾಡಿದರು. ತೀರ ಚಿಕ್ಕ ಯಂತ್ರ, ತೀರ ದೊಡ್ಡ ಜವಾಬ್ದಾರಿ.

ಇಂಥದೇ ಒಂದು ಪೆಟ್ಟಿಗೆಯನ್ನು ನೀವೇ ಮಾಡುತ್ತೀರಿ ಎಂದುಕೊಳ್ಳಿ. ಒಂದು ಡಾಕ್ಟರ ಕ್ಲಿನಿಕ್ಕಿಗೋ ನಿಮ್ಮ ಹೋಟೆಲಿನ ಕೋಲ್ಡ್ ರೂಮಿಗೋ. ಐದು ನಿಮಿಷಕ್ಕೊಮ್ಮೆ ಅದು ಉಷ್ಣತೆ ಅಳೆದು ಕಳಿಸುತ್ತದೆ. ಪರದೆಯ ಮೇಲೆ ಹಸಿರು ಅಕ್ಷರದಲ್ಲಿ ‘4.5 ಡಿಗ್ರಿ’ ಎಂದು ಕಾಣುತ್ತದೆ. ರಾತ್ರಿ ಒಂದು ಗಂಟೆಗೆ ಆ ಪೆಟ್ಟಿಗೆ ಸತ್ತುಹೋಯಿತು. ಈಗ ಪರದೆಯ ಮೇಲೆ ಏನು ಕಾಣುತ್ತದೆ ಹೇಳಿ? ‘4.5 ಡಿಗ್ರಿ’. ಅದೇ ಹಸಿರು. ಬೆಳಗಿನವರೆಗೂ ಅದೇ. ಕಡೆಯದಾಗಿ ಬಂದ ಸುದ್ದಿಯನ್ನೇ ಪರದೆ ತೋರಿಸುತ್ತ ಕೂತಿರುತ್ತದೆ. ಕೆಟ್ಟ ಸುದ್ದಿ ಬಂದಾಗ ಮಾತ್ರ ಗಂಟೆ ಬಾರಿಸುವಂತೆ ಮಾಡಿದ ವ್ಯವಸ್ಥೆಗೆ, ಚೆನ್ನಾಗಿರುವ ಫ್ರಿಜ್ಜಿಗೂ ಸತ್ತುಹೋದ ಪೆಟ್ಟಿಗೆಗೂ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಈ ಹಳಸಿದ ಹಸಿರು ಕೆಂಪಿಗಿಂತ ಅಪಾಯ. ಕೆಂಪು ಕಂಡರೆ ಯಾರಾದರೂ ಎದ್ದು ಹೋಗಿ ನೋಡುತ್ತಾರೆ. ಹಸಿರು ಕಂಡರೆ ಮಗ್ಗುಲು ಬದಲಿಸಿ ಮಲಗುತ್ತಾರೆ.

ಇದನ್ನು ತಪ್ಪಿಸುವುದು ಹೇಗೆ ಎನ್ನುವುದಕ್ಕೆ ಮುಂಬಯಿಯ ಲೋಕಲ್ ರೈಲಿನಲ್ಲೇ ಉತ್ತರವಿದೆ. ಮೋಟರ್‌ಮ್ಯಾನ್ ಕೈಯಲ್ಲಿರುವ ಹಿಡಿಕೆಗೆ ‘ಡೆಡ್ ಮ್ಯಾನ್ಸ್ ಹ್ಯಾಂಡಲ್’ ಎಂದೇ ಹೆಸರು. ರೈಲು ಓಡುತ್ತಿರುವಷ್ಟು ಹೊತ್ತೂ ಆತ ಅದನ್ನು ಒತ್ತಿ ಹಿಡಿದಿರಬೇಕು. ಆತ ಕುಸಿದು ಬಿದ್ದರೆ ಬ್ರೇಕು ಹಾಕುವವರು ಬೇರೆ ಬೇಕಿಲ್ಲ. ಕೈ ಸಡಿಲವಾಯಿತು, ಬ್ರೇಕು ತಾನೇ ಬಿತ್ತು. ‘ಅಪಾಯವಾದರೆ ತಿಳಿಸು’ ಎಂಬ ಏರ್ಪಾಡು ಅಲ್ಲ ಅದು. ‘ಕ್ಷೇಮವಾಗಿದ್ದೇನೆ ಎಂದು ತಿಳಿಸುತ್ತಲೇ ಇರು, ನಿಲ್ಲಿಸಿದರೆ ಅಪಾಯವೆಂದು ತಿಳಿಯುತ್ತೇನೆ’ ಎಂಬ ಏರ್ಪಾಡು. ಸಾಯುತ್ತಿರುವ ಯಂತ್ರದಿಂದ ನಾವು ದೂರು ನಿರೀಕ್ಷಿಸುವಂತಿಲ್ಲ. ದೂರು ಕೊಡುವ ಶಕ್ತಿಯೇ ಆಗ ಅದಕ್ಕಿರುವುದಿಲ್ಲ.

ಈ ತತ್ತ್ವವನ್ನು ಕಂಪ್ಯೂಟರಿನಲ್ಲಿ ಸರಳವಾಗಿ ಪಾಲಿಸಿದ ಒಂದು ತಂತ್ರಾಂಶವನ್ನು ನಿಮಗೆ ಪರಿಚಯಿಸುತ್ತೇನೆ. 1990ರ ದಶಕದಲ್ಲಿ ‘ಬಿಗ್ ಬ್ರದರ್’ ಎಂಬ ಉಸ್ತುವಾರಿ ತಂತ್ರಾಂಶ ಬಂತು. ಜಾರ್ಜ್ ಆರ್ವೆಲ್ಲರ ಕಾದಂಬರಿಯಲ್ಲಿ ಎಲ್ಲರ ಮೇಲೂ ಕಣ್ಣಿಡುವ ಹಿರಿಯಣ್ಣನ ಹೆಸರು ಅದು. ತಮಾಷೆಗೆಂದು ಅದು ಸುದ್ದಿ ಕೇಳಿಸಿಕೊಳ್ಳುವ ಪೋರ್ಟಿನ ಸಂಖ್ಯೆಯನ್ನೂ ಕಾದಂಬರಿಯ ಹೆಸರಿನಂತೆ 1984 ಎಂದೇ ಇಟ್ಟರು. ಮುಂದೆ ಡೆನ್ಮಾರ್ಕಿನ ಹೆನ್ರಿಕ್ ಸ್ಟೋರ್ನರ್ ಅದೇ ದಾರಿಯಲ್ಲಿ ಹೊಸದಾಗಿ ಬರೆದ ತಂತ್ರಾಂಶ ಮೊದಲು ‘ಹಾಬಿಟ್’ ಎಂದೂ ಆಮೇಲೆ ‘ಝೈಮನ್’ ಎಂದೂ ಹೆಸರಾಯಿತು. ಇದು ಮುಕ್ತ ತಂತ್ರಾಂಶ, ಯಾರು ಬೇಕಾದರೂ ಬಳಸಬಹುದು.

ಝೈಮನ್ ಸರ್ವರಿಗೆ ಸುದ್ದಿ ಕಳಿಸಲು ದೊಡ್ಡ ತಂತ್ರಾಂಶ ಬೇಕಿಲ್ಲ. ಒಂದು ಸಾಲು ಸಾಕು. ಇಂಗ್ಲಿಷಿನಲ್ಲಿ ಬರೆಯಬೇಕಾದ ಆ ಸಾಲನ್ನು ಬಾಯಲ್ಲಿ ಹೇಳುತ್ತೇನೆ: ಮೊದಲು ‘ಸ್ಟೇಟಸ್’ ಎಂಬ ಪದ, ಆಮೇಲೆ ಯಂತ್ರದ ಹೆಸರು, ಒಂದು ಚುಕ್ಕಿ, ಯಾವುದರ ಬಗ್ಗೆ ಹೇಳುತ್ತಿದ್ದೇನೆ ಎಂಬುದು, ಆಮೇಲೆ ಒಂದು ಬಣ್ಣ, ಕೊನೆಗೆ ನಿಮಗೆ ತೋಚಿದ ವಿವರ. ‘ಸ್ಟೇಟಸ್ ಫ್ರಿಜ್-ಚುಕ್ಕಿ-ಟೆಂಪ್ ಗ್ರೀನ್ 4.5 ಡಿಗ್ರಿ’. ಇಷ್ಟೇ. ಯಂತ್ರದ ಹೆಸರಿನಲ್ಲೇ ಚುಕ್ಕಿಗಳಿದ್ದರೆ ಅವುಗಳ ಬದಲು ಅಲ್ಪವಿರಾಮ ಹಾಕಬೇಕು, ಇಲ್ಲದಿದ್ದರೆ ಹೆಸರು ಎಲ್ಲಿ ಮುಗಿಯಿತು ಎಂದು ಸರ್ವರಿಗೆ ತಿಳಿಯುವುದಿಲ್ಲ.

ಈ ಸಾಲನ್ನು ಸಾಗಿಸುವುದಕ್ಕೆ ‘ನೆಟ್‌ಕ್ಯಾಟ್’ ಎಂಬ ಪುಟ್ಟ ಸಾಧನ ಸಾಕು. ಈ ಕಡೆಯಿಂದ ಕೊಟ್ಟದ್ದನ್ನು ಜಾಲದ ಆ ಕಡೆಗೆ ದಾಟಿಸುವುದಷ್ಟೇ ಅದರ ಕೆಲಸ. ಪುಟ್ಟ ಲಿನಕ್ಸ್ ಯಂತ್ರಗಳಲ್ಲಿ ‘ಬಿಜಿಬಾಕ್ಸ್’ ಎಂಬ ಒಂದೇ ಪ್ರೋಗ್ರಾಮಿನೊಳಗೆ ಹಲವಾರು ಸಾಧನಗಳನ್ನು ತುಂಬಿರುತ್ತಾರೆ. 1990ರ ದಶಕದಲ್ಲಿ ಬ್ರೂಸ್ ಪೆರೆನ್ಸ್ ಅದನ್ನು ಶುರುಮಾಡಿದ್ದು, ಡೆಬಿಯನ್ ಲಿನಕ್ಸಿನ ಅನುಸ್ಥಾಪನೆ ಒಂದೇ ಒಂದು ಫ್ಲಾಪಿಯಲ್ಲಿ ಹಿಡಿಯಲಿ ಎಂದು. ಅಂಗೈಯಗಲದ ಡಬ್ಬಿಯಲ್ಲಿ ಸಾಸಿವೆ, ಜೀರಿಗೆ, ಮೆಂತ್ಯ ಎಲ್ಲ ಜೋಡಿಸಿಡುವ ಒಗ್ಗರಣೆ ಡಬ್ಬಿಯ ಹಾಗೆ. ಬಹಳಷ್ಟು ಯಂತ್ರಗಳಲ್ಲಿ ಅದರೊಳಗೇ ನೆಟ್‌ಕ್ಯಾಟೂ ಇರುತ್ತದೆ. ಐದು ನಿಮಿಷಕ್ಕೊಮ್ಮೆ ಆ ಸಾಲು ಹೊರಡುವಂತೆ ‘ಕ್ರಾನ್’ ಎಂಬ ವೇಳಾಪಟ್ಟಿಯಲ್ಲಿ ಬರೆದಿಟ್ಟರೆ ಮುಗಿಯಿತು.

ಬಣ್ಣಗಳಲ್ಲಿ ಹಸಿರು ಎಂದರೆ ಕ್ಷೇಮ, ಹಳದಿ ಎಂದರೆ ಎಚ್ಚರಿಕೆ, ಕೆಂಪು ಎಂದರೆ ಕೆಟ್ಟಿದೆ. ಇದು ರಸ್ತೆಯ ಸಿಗ್ನಲ್ಲಿನಂತೆಯೇ. ಆದರೆ ಝೈಮನ್ನಿನಲ್ಲಿ ನೇರಳೆ ಎಂದು ಇನ್ನೊಂದು ಬಣ್ಣವಿದೆ. ನೇರಳೆಯನ್ನು ನಿಮ್ಮ ಯಂತ್ರ ಕಳಿಸುವುದಿಲ್ಲ, ಸರ್ವರೇ ಹಚ್ಚುತ್ತದೆ. ಬಂದ ಪ್ರತಿ ಸುದ್ದಿಗೂ ಒಂದು ಆಯುಸ್ಸು ಇರುತ್ತದೆ, ನೀವು ಬೇರೇನೂ ಹೇಳದಿದ್ದರೆ 30 ನಿಮಿಷ. ಅಷ್ಟರಲ್ಲಿ ಹೊಸ ಸುದ್ದಿ ಬಾರದಿದ್ದರೆ ಹಳೆಯ ಹಸಿರು ಅಳಿಸಿಹೋಗಿ ನೇರಳೆ ಬರುತ್ತದೆ. ‘ಇದರಿಂದ ಕಾಗದ ಬಂದು ಬಹಳ ಹೊತ್ತಾಯಿತು’ ಎಂದು ಅದರ ಅರ್ಥ. ‘ಸ್ಟೇಟಸ್’ ಪದಕ್ಕೆ ಅಂಟಿಸಿ ಕೂಡಿಸುವ ಚಿಹ್ನೆ ಮತ್ತು 15 ಎಂದು ಬರೆದರೆ ಆಯುಸ್ಸು 15 ನಿಮಿಷಕ್ಕೆ ಇಳಿಯುತ್ತದೆ. ನೀವು ಬೇರೆ ಯಾವ ತಂತ್ರಾಂಶ ಬಳಸಿದರೂ ಇದೊಂದನ್ನು ಮೊದಲು ಕೇಳಿ ನೋಡಿ: ಸುದ್ದಿ ನಿಂತರೆ ಇದು ಏನು ತೋರಿಸುತ್ತದೆ?

ಸರ್ವರೇ ಯಂತ್ರವನ್ನು ಮಾತಾಡಿಸಬಾರದೇ, ಯಂತ್ರವೇ ಯಾಕೆ ಕರೆ ಮಾಡಬೇಕು ಎಂದು ನೀವು ಕೇಳಬಹುದು. ಹಳೆಯ ಎಸ್‌ಟಿಡಿ ಬೂತು ನೆನಪಿಸಿಕೊಳ್ಳಿ. ಹಾಸ್ಟೆಲಿನ ಹುಡುಗ ಅಲ್ಲಿಂದ ಮನೆಗೆ ಫೋನು ಮಾಡಬಹುದಿತ್ತು. ಮನೆಯವರು ತಮಗೆ ಬೇಕಾದಾಗ ಹುಡುಗನಿಗೆ ಮಾಡುವಂತಿರಲಿಲ್ಲ. ಮನೆಯ ರೌಟರಿನ ಹಿಂದೆ, ಮೊಬೈಲ್ ಸಿಮ್ಮಿನ ಹಿಂದೆ ಇರುವ ಯಂತ್ರಗಳ ಸ್ಥಿತಿಯೂ ಸಾಮಾನ್ಯವಾಗಿ ಹಾಗೆಯೇ. ಹೊರಗೆ ಕರೆ ಮಾಡಬಲ್ಲವು, ಹೊರಗಿನಿಂದ ಅವುಗಳಿಗೆ ನೇರ ವಿಳಾಸವಿಲ್ಲ. ಜೊತೆಗೆ, ಹೊರಗಿನವರಿಗೆ ಬಾಗಿಲು ತೆರೆದಿಡದ ಯಂತ್ರ ಕಳ್ಳರಿಂದಲೂ ಅಷ್ಟು ಸುರಕ್ಷಿತ.

ಇನ್ನು ಕೈಯಾರೆ ಮಾಡಹೊರಟವರಿಗೆ ನಾಲ್ಕು ಎಚ್ಚರಿಕೆಯ ಮಾತು.

ಮೊದಲನೆಯದು, ಕರೆಗೆ ಗಡುವು ಹಾಕಿ. ಸರ್ವರು ಉತ್ತರಿಸದೆ ನಿಂತರೆ ನೆಟ್‌ಕ್ಯಾಟು ಕಾಯುತ್ತ ಕೂರಬಹುದು. ಐದು ನಿಮಿಷಕ್ಕೆ ಕ್ರಾನ್ ಇನ್ನೊಂದನ್ನು ಎಬ್ಬಿಸುತ್ತದೆ, ಅದೂ ಹೋಗಿ ಸಾಲಿನಲ್ಲಿ ಕೂರುತ್ತದೆ. 16 ಮೆಗಾಬೈಟಿನ ಯಂತ್ರದಲ್ಲಿ ಹೀಗೆ ಒಂದು ರಾತ್ರಿ ಕಳೆದರೆ ಮೆಮೊರಿ ಪೂರ್ತಿ ತುಂಬಿ, ಕ್ಷೇಮ ಹೇಳಲು ಹೊರಟವನೇ ಯಂತ್ರದ ಕತ್ತು ಹಿಸುಕಿದಂತಾಗುತ್ತದೆ. ಹತ್ತು ಸೆಕೆಂಡಿನಲ್ಲಿ ಸುದ್ದಿ ಮುಟ್ಟದಿದ್ದರೆ ಬಿಟ್ಟುಬಿಡುವಂತೆ ಬರೆಯಿರಿ. ಮುಂದಿನ ಸುದ್ದಿ ಐದು ನಿಮಿಷಕ್ಕೆ ಹೇಗೂ ಹೊರಡುತ್ತದೆ.

ಎರಡನೆಯದು, ಯಂತ್ರದ ಗಡಿಯಾರವನ್ನು ನಂಬಬೇಡಿ. ಎಷ್ಟೋ ಪುಟ್ಟ ಯಂತ್ರಗಳಲ್ಲಿ ಬ್ಯಾಟರಿ ಇರುವ ಗಡಿಯಾರವೇ ಇರುವುದಿಲ್ಲ. 2012ರಲ್ಲಿ ಬಂದ ಮೊದಲ ರಾಸ್ಪ್‌ಬೆರಿ ಪೈಯಲ್ಲೂ ಇರಲಿಲ್ಲ. ಕರೆಂಟು ಹೋಗಿ ಬಂದರೆ ಅದು ಯಾವುದೋ ಹಳೆಯ ಹೊತ್ತಿನಿಂದ ಎಣಿಸಲು ಶುರುಮಾಡುತ್ತದೆ. ಹಾಗಾಗಿ ಸುದ್ದಿ ಎಷ್ಟು ಹೊತ್ತಿಗೆ ಬಂತು ಎಂಬುದನ್ನು ಅಂಚೆಯ ಮುದ್ರೆಯ ಹಾಗೆ ಸರ್ವರೇ ಒತ್ತಿಕೊಳ್ಳಲಿ. ಇದರೊಡನೆ ಇನ್ನೊಂದು. ಬಡಾವಣೆಗೆ ಕರೆಂಟು ವಾಪಸು ಬಂದಾಗ ನೂರು ಯಂತ್ರಗಳು ಒಂದೇ ಕ್ಷಣಕ್ಕೆ ಎದ್ದು ಒಂದೇ ಕ್ಷಣಕ್ಕೆ ಕೂಗುತ್ತವೆ. ಬೆಳಿಗ್ಗೆ ಒಂಬತ್ತಕ್ಕೆ ಇಡೀ ಕಟ್ಟಡವೇ ಒಂದು ಲಿಫ್ಟಿನ ಮುಂದೆ ನಿಂತ ಹಾಗೆ. ಒಂದೊಂದೂ ಸ್ವಲ್ಪ ಹೆಚ್ಚುಕಡಿಮೆ ಕಾದು ಮಾತಾಡುವಂತೆ ಮಾಡಿದರೆ ನೂಕುನುಗ್ಗಲಿರುವುದಿಲ್ಲ.

ಮೂರನೆಯದು, ಬಂದ ಅಂಕಿಗೆ ಅರ್ಥವಿದೆಯೇ ಎಂದು ನೋಡಿ. ಉಷ್ಣತೆ ಅಳೆಯಲು ಡಿಎಸ್18ಬಿ20 ಎಂಬ ಸಣ್ಣ ಸೆನ್ಸರು ಬಹಳ ಬಳಕೆಯಲ್ಲಿದೆ. ಅದು ಒಮ್ಮೆ ನಿಖರವಾಗಿ ಅಳೆಯಲು ಮುಕ್ಕಾಲು ಸೆಕೆಂಡಿನವರೆಗೆ ತೆಗೆದುಕೊಳ್ಳುತ್ತದೆ. ಕರೆಂಟು ಕೊಟ್ಟ ಕೂಡಲೇ, ಅದು ಅಳೆಯುವ ಮೊದಲೇ ಕೇಳಿದರೆ 85 ಡಿಗ್ರಿ ಎನ್ನುತ್ತದೆ. ವೈರು ಕಿತ್ತುಹೋಗಿದ್ದರೆ ಅದನ್ನು ಓದಲು ಆರ್ಡುಯಿನೊದಲ್ಲಿ ಹೆಚ್ಚಾಗಿ ಬಳಸುವ ಪ್ರೋಗ್ರಾಮು ಸೊನ್ನೆಗಿಂತ 127 ಡಿಗ್ರಿ ಕೆಳಗೆ ಎಂದು ಹೇಳುತ್ತದೆ. ಫ್ರಿಜ್ಜಿನೊಳಗೆ 85 ಡಿಗ್ರಿ ಎಂದರೆ ಅಡುಗೆಮನೆಯಲ್ಲಿರುವ ಯಾರಾದರೂ ನಕ್ಕುಬಿಡುತ್ತಾರೆ. ಯಂತ್ರ ನಗುವುದಿಲ್ಲ, ಇದ್ದದ್ದನ್ನು ಹಾಗೇ ಕಳಿಸುತ್ತದೆ. ಇಂಥ ಅಂಕಿ ಬಂದರೆ ಅದು ಫ್ರಿಜ್ಜಿನ ರೋಗವಲ್ಲ, ಥರ್ಮಾಮೀಟರಿನ ರೋಗ ಎಂದು ಬೇರೆಯಾಗಿ ತೋರಿಸಬೇಕು. ಹಾಗೆಯೇ ಯಂತ್ರಕ್ಕೆ ಕರೆಂಟು ಇದೆ ಎಂದ ಮಾತ್ರಕ್ಕೆ ‘ಹಸಿರು’ ಎನ್ನುವ ಸಾಲನ್ನು ಕಳಿಸುವುದೂ ತಪ್ಪು. ಮೊದಲು ಅಳೆಯಬೇಕು, ಅಳತೆ ಸರಿಯಿದೆಯೇ ನೋಡಬೇಕು, ಆಮೇಲೆ ಹಸಿರು. ಡೇಟಾ ಬ್ಯಾಕಪ್ಪಿನ ಕೆಲಸಕ್ಕೂ ಇದೇ ನಿಯಮ. ಕೆಲಸ ಮುಗಿದ ಮೇಲೆ ಕ್ಷೇಮ ಹೇಳಬೇಕು, ಕೆಲಸಕ್ಕೆ ಹೊರಟಾಗ ಅಲ್ಲ.

ನಾಲ್ಕನೆಯದು, ಭದ್ರತೆ. ಝೈಮನ್ನಿನ 1984ನೆಯ ಪೋರ್ಟಿಗೆ ಬರುವ ಸಾಲು ಅಂಚೆ ಕಾರ್ಡಿನಂತೆ, ದಾರಿಯಲ್ಲಿ ಯಾರು ಬೇಕಾದರೂ ಓದಬಹುದು. ಇನ್ನೊಬ್ಬರ ಹೆಸರಿನಲ್ಲಿ ಸುಳ್ಳು ಕಾರ್ಡು ಹಾಕಲೂಬಹುದು. ಆದ್ದರಿಂದ ಆ ಪೋರ್ಟನ್ನು ಇಡೀ ಅಂತರಜಾಲಕ್ಕೆ ತೆರೆದಿಡಬೇಡಿ. ಯಾವ ವಿಳಾಸಗಳಿಂದ ಸುದ್ದಿ ಒಪ್ಪಿಕೊಳ್ಳಬೇಕು ಎಂದು ಸರ್ವರಿನಲ್ಲಿ ನಿಗದಿ ಮಾಡಬಹುದು, ಮಾಡಿ. ದೂರದ ಯಂತ್ರವಾದರೆ ವಿಪಿಎನ್ ಒಳಗಿನಿಂದಲೇ ಸುದ್ದಿ ಬರಲಿ.

ಝೈಮನ್ ಒಂದೇ ದಾರಿ ಎಂದು ನಾನು ಹೇಳುತ್ತಿಲ್ಲ. 1999ರಲ್ಲಿ ಆಂಡಿ ಸ್ಟ್ಯಾನ್‌ಫರ್ಡ್-ಕ್ಲಾರ್ಕ್ ಮತ್ತು ಆರ್ಲೆನ್ ನಿಪ್ಪರ್ ಎಂಬಿಬ್ಬರು ರೂಪಿಸಿದ ಎಂಕ್ಯೂಟಿಟಿ ಎಂಬ ಸಂವಹನ ಕ್ರಮವೂ ಪುಟ್ಟ ಯಂತ್ರಗಳಿಗೆ ಹೇಳಿ ಮಾಡಿಸಿದ್ದು. ನಿರ್ಜನ ಪ್ರದೇಶದ ಎಣ್ಣೆ ಕೊಳವೆಗಳ ಸುದ್ದಿಯನ್ನು ಉಪಗ್ರಹದ ಮೂಲಕ ಅಗ್ಗದಲ್ಲಿ ತರಿಸಲು ಅದನ್ನು ಮಾಡಿದ್ದು. ಅದರಲ್ಲಿ ಸಂದೇಶದ ತಲೆಬರಹ 2 ಬೈಟಿನಷ್ಟು ಚಿಕ್ಕದಾಗಿರಬಹುದು. ಅದರಲ್ಲೊಂದು ಚಂದದ ಏರ್ಪಾಡಿದೆ, ಹೆಸರು ‘ಲಾಸ್ಟ್ ವಿಲ್’. ಅಂದರೆ ಕೊನೆಯ ಉಯಿಲು. ಯಂತ್ರ ಸಂಪರ್ಕಕ್ಕೆ ಬಂದಾಗಲೇ ‘ನಾನು ಹೇಳದೆ ಕೇಳದೆ ಹೊರಟುಹೋದರೆ ಇದನ್ನು ಎಲ್ಲರಿಗೂ ತಿಳಿಸಿ’ ಎಂದು ಒಂದು ಸಂದೇಶ ಬರೆಸಿಡುತ್ತದೆ. ಅದು ‘ಹೋಗಿಬರುತ್ತೇನೆ’ ಎಂದು ಹೇಳಿ ಹೋದರೆ ಉಯಿಲು ತೆರೆಯುವುದಿಲ್ಲ. ಹೇಳದೆ ಮಾಯವಾದರೆ ನಡುವಿನ ಸರ್ವರು ಉಯಿಲು ತೆಗೆದು ಓದುತ್ತದೆ. ದಾರಿ ಬೇರೆಯಾದರೂ ತತ್ತ್ವ ಅದೇ: ಯಂತ್ರದ ಮೌನವನ್ನು ಮಾತಾಗಿಸುವ ಹೊಣೆ ಕೇಳುವವನದು.

ಇಲ್ಲಿ ಒಂದು ವಿವೇಕದ ಮಾತನ್ನೂ ಸೇರಿಸಬೇಕು. ಮೌನ ‘ಏನೋ ಆಗಿದೆ’ ಎನ್ನುತ್ತದೆ, ಏನಾಗಿದೆ ಎನ್ನುವುದಿಲ್ಲ. 2023ರ ಸೆಪ್ಟೆಂಬರಿನಲ್ಲಿ ಚಂದ್ರನ ರಾತ್ರಿಗೆ ಮುಂಚೆ ಮಲಗಿಸಿದ್ದ ವಿಕ್ರಮ್ ಮತ್ತು ಪ್ರಜ್ಞಾನ್‌ಗಳನ್ನು ಅಲ್ಲಿ ಮತ್ತೆ ಬೆಳಕಾದ ಮೇಲೆ ಎಬ್ಬಿಸಲು ಇಸ್ರೋ ಪ್ರಯತ್ನಿಸಿತು. ಸೆಪ್ಟೆಂಬರ್ 22ರಂದು ಅದು ಹೇಳಿದ್ದು ಇಷ್ಟೇ: ಸದ್ಯಕ್ಕೆ ಯಾವ ಸಂಕೇತವೂ ಬಂದಿಲ್ಲ, ಪ್ರಯತ್ನ ಮುಂದುವರಿಯುತ್ತದೆ. ಕಂಡದ್ದನ್ನು ಕಂಡಷ್ಟೇ ಹೇಳುವ ರೀತಿ ಅದು. ನಮ್ಮ ಫ್ರಿಜ್ಜಿನ ಪೆಟ್ಟಿಗೆ ಸುಮ್ಮನಾದರೆ ಫ್ರಿಜ್ಜೇ ಕೆಟ್ಟಿದೆ ಎಂದುಕೊಳ್ಳಬೇಕಿಲ್ಲ. ಕರೆಂಟು ಹೋಗಿರಬಹುದು, ಸಿಮ್ಮಿನ ರೀಚಾರ್ಜು ಮುಗಿದಿರಬಹುದು, ಯಾರೋ ಮೊಬೈಲ್ ಚಾರ್ಜಿಗೆ ಹಾಕಲು ಅದರ ಪ್ಲಗ್ಗು ತೆಗೆದಿರಬಹುದು. ಕಾರಣ ಯಾವುದೇ ಆಗಲಿ, ಒಬ್ಬರು ಹೋಗಿ ನೋಡಬೇಕು. ಪೆಟ್ಟಿಗೆಗೊಂದು ಸಣ್ಣ ಬ್ಯಾಟರಿ ಇದ್ದರೆ ‘ಕರೆಂಟು ಹೋಯಿತು’ ಎಂಬ ಕಡೆಯ ಮಾತನ್ನಾದರೂ ಅದು ಹೇಳಿ ಹೋಗುತ್ತದೆ, ಹೋಗಿ ನೋಡುವವರಿಗೆ ದಾರಿ ಸಿಗುತ್ತದೆ.

ಹೋಗಿ ನೋಡುವವರ ಮಾತು ಬಂತು. ಇಡೀ ಏರ್ಪಾಡಿನಲ್ಲಿ ಬೇಗ ಸವೆಯುವ ಭಾಗ ಅವರೇ. ಒಂದು ಸುದ್ದಿ ತಪ್ಪಿದ ಕೂಡಲೇ ಗಂಟೆ ಬಾರಿಸಿದರೆ ತೋಳ ಬಂತು ತೋಳ ಕತೆಯಾಗುತ್ತದೆ. ನಾಲ್ಕು ರಾತ್ರಿ ಸುಮ್ಮಸುಮ್ಮನೆ ಎದ್ದವರು ಐದನೆಯ ರಾತ್ರಿ ಫೋನಿನ ಸದ್ದು ಅಡಗಿಸಿ ಮಲಗುತ್ತಾರೆ. ಐದು ನಿಮಿಷಕ್ಕೊಂದು ಸುದ್ದಿಯಾದರೆ ಒಂದೋ ಎರಡೋ ತಪ್ಪುವುದಕ್ಕೆ ಅವಕಾಶ ಕೊಟ್ಟು, ಹದಿನೈದು ನಿಮಿಷ ಕಳೆದ ಮೇಲೆ ಕರೆಯಿರಿ. ಯಾರನ್ನು ಕರೆಯಬೇಕು, ಅವರು ಎತ್ತದಿದ್ದರೆ ಇನ್ಯಾರನ್ನು ಎಂದು ಬರೆದಿಡಿ. ಕೆಲಸ ಬಿಟ್ಟು ಹೋದವರ ಫೋನ್ ನಂಬರು ಆ ಪಟ್ಟಿಯಲ್ಲಿ ಉಳಿದಿಲ್ಲ ತಾನೇ ಎಂದು ಆಗಾಗ ನೋಡಿ.

ಮತ್ತೆ, ಕಾವಲು ಕಾಯುವ ಸರ್ವರಿಗೇ ಏನಾದರೂ ಆದರೆ? ಅದು ಸತ್ತ ದಿನ ನಿಮಗೆ ಯಾವ ಎಚ್ಚರಿಕೆಯೂ ಬರುವುದಿಲ್ಲ. ಆ ದಿನ ಎಲ್ಲವೂ ಪರಮ ಕ್ಷೇಮವಾಗಿ ಕಾಣುತ್ತದೆ. ಅದಕ್ಕೇ ಬೇರೆ ಊರಿನ, ಬೇರೆ ಕರೆಂಟಿನ ಇನ್ನೊಂದು ಯಂತ್ರ ಈ ಸರ್ವರಿನ ಕ್ಷೇಮವನ್ನು ವಿಚಾರಿಸುತ್ತಿರಬೇಕು. ಅದೂ ಆಗದಿದ್ದರೆ ದಿನಾ ಬೆಳಿಗ್ಗೆ ಎಂಟಕ್ಕೆ ಸರ್ವರಿನಿಂದ ನಿಮಗೊಂದು ‘ಇದ್ದೇನೆ’ ಎಂಬ ಸಂದೇಶ ಬರಲಿ. ಒಂದು ಬೆಳಿಗ್ಗೆ ಅದು ಬಾರದಿದ್ದರೆ ಕಾಫಿ ಲೋಟ ಕೆಳಗಿಟ್ಟು ಏಳಿ.

ಕೇಳುಗರೇ, ಇಷ್ಟನ್ನೆಲ್ಲ ನೆನಪಿಟ್ಟುಕೊಳ್ಳುವುದು ಕಷ್ಟವೆನಿಸಿದರೆ ಒಂದೇ ಒಂದು ಪರೀಕ್ಷೆ ಹೇಳುತ್ತೇನೆ. ನಿಮ್ಮ ಆಫೀಸಿನಲ್ಲಿ, ಸೊಸೈಟಿಯಲ್ಲಿ, ಹೋಟೆಲಿನಲ್ಲಿ ಇಂಥ ಉಸ್ತುವಾರಿ ಯಂತ್ರ ಇದ್ದರೆ, ಬರುವ ಭಾನುವಾರ ಸಂಬಂಧಪಟ್ಟವರೊಬ್ಬರಿಗೆ ಮಾತ್ರ ತಿಳಿಸಿ ಅದರ ಪ್ಲಗ್ಗು ಕಿತ್ತುಬಿಡಿ. ಫ್ರಿಜ್ಜಿನದ್ದಲ್ಲ, ಸುದ್ದಿ ಕಳಿಸುವ ಪೆಟ್ಟಿಗೆಯದ್ದು. ಪೆಟ್ಟಿಗೆಯೊಳಗೆ ಬ್ಯಾಟರಿ ಇದ್ದರೆ ಅದನ್ನೂ ತೆಗೆಯಿರಿ. ಕೈಗಡಿಯಾರ ನೋಡುತ್ತ ಕೂರಿ. ಹದಿನೈದು ಇಪ್ಪತ್ತು ನಿಮಿಷದಲ್ಲಿ ಯಾರದಾದರೂ ಫೋನು ರಿಂಗಾಗಿ, ‘ಅಲ್ಲಿ ಏನಾಯಿತು?’ ಎಂದು ಒಬ್ಬ ಮನುಷ್ಯ ಕೇಳಿದರೆ ನಿಮ್ಮ ವ್ಯವಸ್ಥೆ ಸರಿಯಿದೆ. ಸಂಜೆಯವರೆಗೂ ಯಾರೂ ಕೇಳದಿದ್ದರೆ, ಇಷ್ಟು ದಿನ ನೀವು ಪರದೆಯ ಮೇಲೆ ನೋಡುತ್ತಿದ್ದ ಹಸಿರು ಬಣ್ಣವನ್ನು ನಂಬುವಂತಿಲ್ಲ. ಪ್ಲಗ್ಗು ಮತ್ತೆ ಹಾಕಿ, ಸೋಮವಾರದಿಂದಲೇ ಕೆಲಸ ಶುರುಮಾಡಿ.